ತಾರೀಖಿಲ್ಲದ ಗಾಳಿ

ಬಂಕಾಪುರದ 1055ರ ಶಾಸನ ಕದಂಬ ಹರಿಕೇಸರಿಯ ಕಾಲದ ದಾನದ ಲೆಕ್ಕ ಹೇಳುತ್ತದೆ. ಗಾಳಿ ಮಳೆಯ ಮಾತು ದಾನಶಾಸನಕ್ಕೆ ಬೇಕೂ ಇಲ್ಲ ಅನ್ನಿ. ಅದೇ ಊರಿನಲ್ಲಿ ನಮ್ಮಜ್ಜಿ ಬನದ ಹುಣ್ಣಿಮೆಯ ಆಸುಪಾಸಿನ ಒಂದು ರಾತ್ರಿ, ಮೂಡಗಾಳಿಗೆ ಎದ್ದೆದ್ದು ಬಡಿಯುತ್ತಿದ್ದ ತಗಡಿನ ಮೇಲೆ ಕಲ್ಲು ಹೇರುತ್ತ ಬೆಳಗು ಮಾಡಿದ್ದಳು. ಯಾವ ವರ್ಷ ಎಂದರೆ, ‘ನಿಮ್ಮಪ್ಪ ತೊಟ್ಟಿಲದಾಗ ಇದ್ದ’ ಎನ್ನುತ್ತಿದ್ದಳು. ಅಷ್ಟೇ ದಾಖಲೆ.

ಇಂಗ್ಲೆಂಡಿನ ಅಂಥದೊಂದು ಚಳಿಗಾಲದ ರಾತ್ರಿಗೆ ತಾರೀಖಿದೆ: ಅವರ ಹಳೆಯ ಪಂಚಾಂಗದಂತೆ 1703ರ ನವೆಂಬರ್ 26. ಲಂಡನ್ನಿನಲ್ಲಿ ಡೇನಿಯಲ್ ಡೆಫೋನ ವಾಯುಭಾರಮಾಪಕದ ಪಾದರಸ ಎಷ್ಟು ಇಳಿದಿತ್ತೆಂದರೆ, ಮಕ್ಕಳು ನಳಿಗೆ ಮುಟ್ಟಿ ಕೆಡಿಸಿದ್ದಾರೆಂದೇ ಅವನು ಭಾವಿಸಿದ. ಆ ರಾತ್ರಿ ಮನೆ ಕುಸಿದೀತೆಂಬ ಭಯವಿದ್ದರೂ, ಹಾರುವ ಹೆಂಚುಗಳಿಗೆ ಹೆದರಿ ಜನ ಹೊರಗೆ ಕಾಲಿಡಲಿಲ್ಲ. ಎಡ್ಡಿಸ್ಟೋನ್ ದೀಪಸ್ತಂಭ ಕಟ್ಟಿದ ಹೆನ್ರಿ ವಿನ್‌ಸ್ಟಾನ್ಲಿಗೆ ದೊಡ್ಡ ಬಿರುಗಾಳಿಯಲ್ಲಿ ಅದರೊಳಗೇ ಇರಬೇಕೆಂಬ ಆಸೆಯಿತ್ತಂತೆ. ಇದ್ದ. ಬೆಳಗಾದಾಗ ಸ್ತಂಭವೂ ಇಲ್ಲ, ಅವನೂ ಇಲ್ಲ.

ಡೆಫೋ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಕಂಡವರಿಂದ ಪತ್ರ ತರಿಸಿಕೊಂಡು, 1704ರಲ್ಲಿ ಪುಸ್ತಕವನ್ನೇ ಮಾಡಿದ. ಅದನ್ನು ಓದಿದ ದಿನ ಅಪ್ಪನ ವಯಸ್ಸಿನಿಂದ ಹಿಂದಕ್ಕೆ ಎಣಿಸಿ ಅಜ್ಜಿಯ ರಾತ್ರಿಯ ವರ್ಷ ಗುರುತು ಹಾಕಿಕೊಂಡೆ. ಗಾಳಿ ಎಷ್ಟು ಹೊತ್ತಿಗೆ ನಿಂತಿತು, ತಗಡು ಉಳಿಯಿತೋ ಇಲ್ಲವೋ, ಅವಳಿದ್ದಾಗ ಕೇಳಿರಲಿಲ್ಲ.