ಮೈಸೂರು ರೈಲು ಮಾರ್ಗ ಮತ್ತು ಒಂದು ಮೀಟರಿನ ಲೆಕ್ಕ

ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದದ್ದು 1882ರಲ್ಲಿ. 1876–78ರ ಭೀಕರ ಬರದಲ್ಲಿ ಕಂಗೆಟ್ಟ ಜನರಿಗೆ ಕೂಲಿ ಕೊಡುವುದೂ ಈ ಕಾಮಗಾರಿಯ ಉದ್ದೇಶವಾಗಿತ್ತು. ಸುಮಾರು 138 ಕಿಲೋಮೀಟರ್ ಉದ್ದದ ಈ ಮಾರ್ಗವನ್ನು ಮೀಟರ್‌ಗೇಜ್‌ನಲ್ಲಿ, ಅಂದರೆ ಹಳಿಗಳ ನಡುವೆ 1,000 ಮಿಲಿಮೀಟರ್ ಅಂತರವಿಟ್ಟು ಹಾಕಲಾಯಿತು. ಆದರೆ ಮದರಾಸಿನ ಕಡೆಯಿಂದ 1864ರಲ್ಲೇ ಬೆಂಗಳೂರು ದಂಡು ಪ್ರದೇಶವನ್ನು ತಲುಪಿದ್ದ ಹಳಿ ಬ್ರಾಡ್‌ಗೇಜ್. ಅದರ ಅಂತರ 1,676 ಮಿಲಿಮೀಟರ್. ಪಕ್ಕದಲ್ಲೇ ಇದ್ದ ಹಳಿಗೆ ಹೊಂದದ ಹಳಿಯನ್ನು ಏಕೆ ಹಾಕಿದರು?

ಖರ್ಚು ಉಳಿಸಲು. 1870ರಲ್ಲಿ ವೈಸ್‌ರಾಯ್ ಮೇಯೊ ಆಡಳಿತ ಕಡಿಮೆ ವೆಚ್ಚದ ಮಾರ್ಗಗಳಿಗಾಗಿ ಈ ಅಳತೆಯನ್ನು ಆರಿಸಿತು. ಮೆಟ್ರಿಕ್ ಪದ್ಧತಿ ಬೇಗ ಬರುತ್ತದೆಂಬ ನಿರೀಕ್ಷೆಯೂ ಇತ್ತು. (ಅದಕ್ಕೆ ಕಾಯ್ದೆಯಾದದ್ದು 1956ರಲ್ಲಿ!)

ಉಳಿತಾಯದ ಹಿಂದೆ ಸರಳ ರೇಖಾಗಣಿತವಿದೆ. ರೈಲಿನ ಎರಡು ಗಾಲಿಗಳು ಒಂದೇ ಅಚ್ಚಿಗೆ ಬಿಗಿಯಾಗಿರುವುದರಿಂದ ಒಟ್ಟಿಗೇ ಸುತ್ತುತ್ತವೆ. ತಿರುವಿನಲ್ಲಿ ಹೊರಗಾಲಿ ಹೆಚ್ಚು ದೂರ ಸಾಗಬೇಕು. ಎಷ್ಟು ಹೆಚ್ಚು? ಹಳಿಗಳ ಅಂತರವನ್ನು ರೇಡಿಯನ್‌ನಲ್ಲಿರುವ ತಿರುವಿನ ಕೋನದಿಂದ ಗುಣಿಸಿದಷ್ಟು. 90 ಡಿಗ್ರಿ ತಿರುವಿಗೆ ಮೀಟರ್‌ಗೇಜ್‌ನಲ್ಲಿ 1.57 ಮೀಟರ್, ಬ್ರಾಡ್‌ಗೇಜ್‌ನಲ್ಲಿ 2.63 ಮೀಟರ್. ವಿದ್ಯಾರ್ಥಿಗಳಿಂದ ಎರಡು ವೃತ್ತಖಂಡ ಬರೆಸಿ ನೋಡಿ. ತ್ರಿಜ್ಯ ಎಷ್ಟಿದ್ದರೂ ಈ ವ್ಯತ್ಯಾಸ ಬದಲಾಗದು. ಗಾಲಿಯ ಅಂಚನ್ನು ಶಂಕುವಿನಂತೆ ಇಳಿಜಾರಾಗಿಸಿ ಇದನ್ನು ಸರಿದೂಗಿಸುತ್ತಾರೆ. ಅಂತರ ಕಿರಿದಾದಷ್ಟೂ ಸರಿದೂಗಿಸಬೇಕಾದದ್ದು ಕಡಿಮೆ. ಹಾಗಾಗಿ ಬಿಗಿಯಾದ ತಿರುವು ಸಾಧ್ಯ. ಗುಡ್ಡ ಅಗೆಯುವ ಬದಲು ಬಳಸಿ ಹೋಗಬಹುದು. ಹಗುರ ಬಂಡಿಗಳಿಗೆ ಹಗುರ ಹಳಿ, ಸಣ್ಣ ಸೇತುವೆ ಸಾಕು.

ಈ ಲೆಕ್ಕದಲ್ಲಿ ಬಿಟ್ಟುಹೋದದ್ದು ಬೆಂಗಳೂರು. ಮೈಸೂರಿನಿಂದ ಮದರಾಸಿಗೆ ಹೊರಟ ಪ್ರತಿ ಮೂಟೆಯನ್ನೂ ಅಲ್ಲಿ ಇಳಿಸಿ ಬೇರೆ ಬಂಡಿಗೆ ಏರಿಸಬೇಕಿತ್ತು. ಹಳಿಯ ಉಳಿತಾಯ ಒಮ್ಮೆ, ಹಮಾಲಿಯ ಖರ್ಚು ಪ್ರತಿದಿನ. ಆದರೂ ಆಗಿನವರನ್ನು ದೂರುವುದು ನ್ಯಾಯವಲ್ಲ. ಬರದಿಂದ ಬರಿದಾದ ಬೊಕ್ಕಸಕ್ಕೆ ಅಗಲ ಹಳಿ ಎಟುಕುತ್ತಿತ್ತೇ? ಮೇಲಾಗಿ, 1889ರಲ್ಲಿ ಮಾರ್ಗ ಹರಿಹರ ಮುಟ್ಟಿದ ಮೇಲೆ ಉತ್ತರದ ಮೀಟರ್‌ಗೇಜ್ ಜಾಲ ಮೈಸೂರಿಗೆ ತೆರೆಯಿತು. ಆ ದಿಕ್ಕಿಗೆ ಇದೇ ಹಳಿ ಅನುಕೂಲವಾಯಿತು.

1992ರಲ್ಲಿ ಭಾರತೀಯ ರೈಲ್ವೆ ಏಕಗೇಜ್ ಯೋಜನೆ ಕೈಗೊಂಡಿತು. ಆ ದಶಕದಲ್ಲೇ ಬೆಂಗಳೂರು–ಮೈಸೂರು ಹಳಿ ಅಗಲವಾಯಿತು. ಜೋಡಿ ಹಳಿ ಹಾಕುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆ ಅಡ್ಡವಾಗಿ, 2017ರಲ್ಲಿ ಅದನ್ನು ಇಡಿಯಾಗಿಯೇ ಸರಿಸಿದ ಸಾಹಸ ನಿಮಗೆ ನೆನಪಿರಬಹುದು. 2022ರ ನವೆಂಬರ್‌ನಲ್ಲಿ ಆರಂಭವಾದ ಚೆನ್ನೈ–ಮೈಸೂರು ವಂದೇ ಭಾರತ್ ಇದೇ ಹಳಿಯ ಮೇಲೆ ಬರುತ್ತದೆ.

ದಕ್ಷಿಣದ ಕಥೆ ಬೇರೆ. 1891ರಲ್ಲಿ ನಂಜನಗೂಡಿಗೆ, 1926ರಲ್ಲಿ ಚಾಮರಾಜನಗರಕ್ಕೆ ಹೋದ ಹಳಿ 2008ರಲ್ಲಿ ಬ್ರಾಡ್‌ಗೇಜ್ ಆಯಿತು. ಆದರೆ ಅದು ಅಲ್ಲಿಗೇ ನಿಂತಿದೆ. ತಮಿಳುನಾಡಿನ ಮೆಟ್ಟುಪಾಳಯಂಗೆ ಜೋಡಿಸುವ ಪ್ರಸ್ತಾವ ಹಳೆಯದು. ನಡುವೆ ಸತ್ಯಮಂಗಲದ ಆನೆಕಾಡಿದೆ. ಇಲ್ಲಿನ ಅಡ್ಡಿಯನ್ನು ಹಳಿಯ ಅಗಲ ಬದಲಿಸಿ ನಿವಾರಿಸಲಾಗದು.