ನಮ್ಮ ಸೀಟು, ಅವರ ಊರು

ಮಿಯಾಪುರಕ್ಕೆ ಬಂದು ಮೂವತ್ತು ವರ್ಷ ದಾಟಿತು. ಹುಟ್ಟಿದ್ದು ಹುಮನಾಬಾದಿನಲ್ಲಿ. ಮನೆ ಮುಂದಿನ ಹೈವೇನೇ ಸೀದಾ ಊರಿಗೆ ಹೋಗುತ್ತದೆ, ಬೀದರ್ ಕಲಬುರಗಿ ಬಸ್ಸುಗಳು ದಿನಾ ಕಣ್ಣಿಗೆ ಬೀಳುತ್ತವೆ. ಹಾಗಾಗಿ ಊರು ಬಿಟ್ಟು ಬಂದೆ ಅಂತ ಅಷ್ಟಾಗಿ ಅನ್ನಿಸಿದ್ದಿಲ್ಲ. ಒಂದು ದಿನ ಮಾತ್ರ 'ನಾನು ಯಾವ ಲೆಕ್ಕಕ್ಕೆ ಸೇರಿದವನು?' ಅಂತ ನಿಜವಾಗಿ ಯೋಚನೆಗೆ ಬಿದ್ದಿದ್ದೆ. 2014ರ ಫೆಬ್ರುವರಿ 20, ಗುರುವಾರ.

ಆವತ್ತು ರಾಜ್ಯಸಭೆಯಲ್ಲಿ ಆಂಧ್ರ ವಿಭಜನೆಯ ಮಸೂದೆ. ಎರಡು ದಿನ ಮುಂಚೆ ಲೋಕಸಭೆಯಲ್ಲಿ ಅದು ಪಾಸಾಗುವಾಗ ಟಿವಿ ಪ್ರಸಾರವೇ ನಿಂತುಹೋಗಿತ್ತು. ಅದಕ್ಕೂ ಮೊದಲು, 13ರಂದು, ಸದನದೊಳಗೆ ಪೆಪ್ಪರ್ ಸ್ಪ್ರೇ ಹೊಡೆದಾಗಿತ್ತು. ಹೀಗಾಗಿ ಗುರುವಾರ ಏನಾಗುತ್ತದೋ ಅಂತ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರದೂ ಟಿವಿ ಮೇಲೇ ಕಣ್ಣು. ಮಿಯಾಪುರ, ಕೂಕಟಪಲ್ಲಿ ಕಡೆ ಇದ್ದವರಿಗೆ ಗೊತ್ತಿರುತ್ತದೆ, ಇಲ್ಲಿ ಗುಂಟೂರು, ಕೃಷ್ಣಾ, ಗೋದಾವರಿ ಜಿಲ್ಲೆಗಳಿಂದ ಬಂದವರೇ ಹೆಚ್ಚು. 'ಸೆಟ್ಲರ್ಸ್' ಅನ್ನುತ್ತಾರೆ ಅವರಿಗೆ. ಮನೆ ಕಟ್ಟಿಕೊಂಡು, ಮಕ್ಕಳ ಮದುವೆ ಮಾಡಿ, ಈಗ ಒಂದೇ ಏಟಿಗೆ ಪರರಾಜ್ಯದವರಾಗುತ್ತೇವಲ್ಲ ಅಂತ ಅವರ ಸಂಕಟ. ನಾನಂತೂ ಮೊದಲಿಂದಲೂ ಪರರಾಜ್ಯದವನೇ, ಹೊಸದಾಗಿ ಕಳೆದುಕೊಳ್ಳುವುದೇನಿತ್ತು ಹೇಳಿ :)

ಎದುರು ಮನೆಯ ಗುಂಟೂರಿನವರು ನಮ್ಮಲ್ಲೇ ಬಂದು ಕೂತಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಮಿತಭಾಷಿ. ಟಿವಿಯಲ್ಲಿ ಗದ್ದಲವೋ ಗದ್ದಲ. ಕೆ.ವಿ.ಪಿ. ರಾಮಚಂದ್ರ ರಾವ್ ಬಾವಿಗಿಳಿದು ಭಿತ್ತಿಪತ್ರ ಹಿಡಿದು ನಿಂತವರು ಕದಲಲೇ ಇಲ್ಲ. ಕೇಂದ್ರದಲ್ಲಿ ಮಂತ್ರಿಯಾಗಿದ್ದ ಚಿರಂಜೀವಿ ತಮ್ಮದೇ ಸರ್ಕಾರದ ಮಸೂದೆಯನ್ನು ವಿರೋಧಿಸಿ ಮಾತಾಡಿದರು. ಇದರ ನಡುವೆ ಎದ್ದು ನಿಂತು ಹೊಸ ಆಂಧ್ರದ ಪರವಾಗಿ ಪಟ್ಟು ಹಿಡಿದವರು ಎಂ. ವೆಂಕಯ್ಯ ನಾಯ್ಡು. ತೆಲಂಗಾಣಕ್ಕೆ ಬೆಂಬಲ ಉಂಟು, ಆದರೆ ರಾಜಧಾನಿ ಕಳೆದುಕೊಳ್ಳುವ ಸೀಮಾಂಧ್ರದ ಗತಿ ಏನು, ಅದಕ್ಕೆ ವಿಶೇಷ ಸ್ಥಾನಮಾನ ಕೊಡಿ ಅಂತ. ಪ್ರಧಾನಿ ಮನಮೋಹನ್ ಸಿಂಗ್ ಎದ್ದು, 13 ಜಿಲ್ಲೆಗಳ ಹೊಸ ಆಂಧ್ರಕ್ಕೆ 5 ವರ್ಷ ವಿಶೇಷ ಸ್ಥಾನಮಾನ ಎಂದು ಸದನಕ್ಕೆ ಮಾತು ಕೊಟ್ಟರು. ವೆಂಕಯ್ಯನವರದು ಐದು ಸಾಲದು, ಹತ್ತು ಬೇಕು ಅನ್ನುವ ವಾದ. ಕಡೆಗೆ ಧ್ವನಿಮತದಲ್ಲಿ ಮಸೂದೆ ಪಾಸಾಯಿತು.

ಗುಂಟೂರಿನವರು ಎದ್ದು ಹೊರಡುವಾಗ ನನ್ನ ಕಡೆ ತಿರುಗಿ, "ಮೀ ಕರ್ನಾಟಕ ಎಂಪಿ ಬಾಗಾ ಮಾಟ್ಲಾಡಾರಂಡಿ" ಅಂದರು. ನಿಮ್ಮ ಕರ್ನಾಟಕದ ಎಂಪಿ ಚೆನ್ನಾಗಿ ಮಾತಾಡಿದರು ಅಂತ! ವ್ಯಂಗ್ಯವೋ ಕೃತಜ್ಞತೆಯೋ ತಿಳಿಯಲಿಲ್ಲ. ಆದರೆ ಮಾತು ನಿಜವೇ. ನೆಲ್ಲೂರು ಜಿಲ್ಲೆಯ ಚವಟಪಾಳೆಂನಲ್ಲಿ ಹುಟ್ಟಿ, ಉದಯಗಿರಿಯಿಂದ ಎರಡು ಸಲ ಶಾಸಕರಾಗಿದ್ದ ವೆಂಕಯ್ಯನವರು 1998, 2004, 2010, ಹೀಗೆ ಮೂರು ಸಲ ರಾಜ್ಯಸಭೆಗೆ ಹೋದದ್ದು ಕರ್ನಾಟಕದಿಂದ. ಹದಿನೆಂಟು ವರ್ಷ! ಕರ್ನಾಟಕಕ್ಕಿರುವ 12 ಸೀಟುಗಳಲ್ಲಿ ಒಂದು.

ಇದು ಹೇಗೆ ಸಾಧ್ಯ ಅಂತ ಕೇಳುವವರಿಗಾಗಿ ಸ್ವಲ್ಪ ಹಿಂದಿನ ಕಥೆ. ರಾಜ್ಯಸಭೆ ಅಂದರೆ ಹೆಸರೇ ಹೇಳುವಂತೆ ರಾಜ್ಯಗಳ ಸಭೆ. ಯಾವ ರಾಜ್ಯದಿಂದ ಆರಿಸಿ ಬರುತ್ತೀರೋ ಆ ರಾಜ್ಯದ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರಬೇಕು ಎಂಬ ನಿಯಮ ಮೊದಲು ಇತ್ತು. ಇದರಿಂದ ಬಾಡಿಗೆ ಮನೆ ವಿಳಾಸಗಳ ವ್ಯವಹಾರ ಶುರುವಾಯಿತು. 1991ರಲ್ಲಿ ಅಸ್ಸಾಮಿನಿಂದ ಆರಿಸಿಬಂದ ಮನಮೋಹನ್ ಸಿಂಗರ ಗುವಾಹಟಿ ವಿಳಾಸದ ಬಗ್ಗೆ ಎಷ್ಟು ಚರ್ಚೆಯಾಗಿತ್ತು ಅಂತ ಹಳಬರಿಗೆ ನೆನಪಿದ್ದೀತು. 2003ರಲ್ಲಿ ವಾಜಪೇಯಿ ಸರ್ಕಾರ ಪ್ರಜಾಪ್ರತಿನಿಧಿ ಕಾಯ್ದೆ ತಿದ್ದಿ ಆ ನಿಯಮವನ್ನೇ ತೆಗೆದುಹಾಕಿತು. ದೇಶದ ಯಾವ ಮೂಲೆಯ ಮತದಾರನಾದರೂ ಸಾಕು. ಪತ್ರಕರ್ತ ಕುಲದೀಪ್ ನಯ್ಯರ್ ಸುಪ್ರೀಂ ಕೋರ್ಟಿಗೆ ಹೋದರು. 2006ರ ಆಗಸ್ಟಿನಲ್ಲಿ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ನನಗೆ ಕೇಳಿದರೆ, ಸುಳ್ಳು ವಿಳಾಸ ತಪ್ಪಿತು, ಆದರೆ ಅದರ ಜೊತೆಗೆ ಇದ್ದ ಒಂದಿಷ್ಟು ನಾಚಿಕೆಯೂ ಹೋಯಿತು.

ಈಗ ಆ ಗುರುವಾರದ ಸದನವನ್ನು ಮತ್ತೊಮ್ಮೆ ನೋಡಿ. ಸೀಮಾಂಧ್ರಕ್ಕೆ ಬೇಡಿದವರು ಕರ್ನಾಟಕದ ಸದಸ್ಯರು. ಕೊಡುತ್ತೇನೆ ಅಂದ ಪ್ರಧಾನಿ ಅಸ್ಸಾಮಿನ ಸದಸ್ಯರು. ವಿರೋಧ ಪಕ್ಷದ ನಾಯಕ ಅರುಣ್ ಜೇಟ್ಲಿ ದಿಲ್ಲಿಯವರು, ಬಂದದ್ದು ಗುಜರಾತಿನಿಂದ. ಮಸೂದೆ ಹೊತ್ತು ತಂದ ಗೃಹಮಂತ್ರಿ ಸುಶೀಲ್ ಕುಮಾರ್ ಶಿಂಧೆ ಮಾತ್ರ ಲೋಕಸಭೆಯವರು, ತಮ್ಮೂರು ಸೋಲಾಪುರದಿಂದಲೇ ಗೆದ್ದವರು. ನಮ್ಮ ಇದೇ ಹೈವೇಯಲ್ಲಿ ಹುಮನಾಬಾದ್ ದಾಟಿ ಮುಂದೆ ಹೋದರೆ ಅವರ ಊರು!

ನಗು ಬಂದರೂ ಹೊಟ್ಟೆಯೊಳಗೆ ಒಂದು ಕಿರಿಕಿರಿ ಉಳಿಯಿತು. ಯಾಕೆಂದರೆ ಆ ಕಾಯ್ದೆಯಲ್ಲಿ ಕರ್ನಾಟಕಕ್ಕೂ ತಗಲುವ ಒಂದು ಮುಳ್ಳಿತ್ತು. ಕೃಷ್ಣಾ ನೀರು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2013ರ ನವೆಂಬರ್ 29ರಂದು, ಅಂದರೆ ಮೂರು ತಿಂಗಳೂ ಆಗಿರಲಿಲ್ಲ, ಕರ್ನಾಟಕಕ್ಕೆ 907 ಟಿಎಂಸಿ ಎಂದು ತೀರ್ಪು ಕೊಟ್ಟಿತ್ತು. ವಿಭಜನೆ ಕಾಯ್ದೆಯ 89ನೇ ಕಲಂ ಅದೇ ಮಂಡಳಿಯ ಅವಧಿ ಬೆಳೆಸಿ, ಯೋಜನಾವಾರು ಹಂಚಿಕೆ ಮಾಡಿ ಅಂತ ಹೇಳಿತು. ಯಾರ ನಡುವೆ ಹಂಚಿಕೆ? ಎರಡು ಹೊಸ ರಾಜ್ಯಗಳ ನಡುವೆಯೋ, ನಾಲ್ಕೂ ರಾಜ್ಯಗಳನ್ನು ಮತ್ತೆ ಕೂರಿಸಿಯೋ? ಈ ಅನುಮಾನ ಬಗೆಹರಿದದ್ದು 2016ರ ಅಕ್ಟೋಬರಿನಲ್ಲಿ, ಅದು ಆಂಧ್ರ ತೆಲಂಗಾಣಕ್ಕೆ ಮಾತ್ರ ಎಂದು ಮಂಡಳಿಯೇ ಹೇಳಿದಾಗ. ಅಲ್ಲಿಯವರೆಗೆ ಆಲಮಟ್ಟಿ ಕಡೆಯ ನೆಂಟರು ಫೋನು ಮಾಡಿದಾಗಲೆಲ್ಲ ಇದೇ ಮಾತು.

ಕನ್ನಡಿಗರ ಸಿಟ್ಟು ಹೊರಬಿದ್ದದ್ದೂ 2016ರಲ್ಲೇ. ನಾಲ್ಕನೇ ಸಲವೂ ಅವರೇ ಅನ್ನುವ ಸುದ್ದಿ ಹಬ್ಬಿದಾಗ ಟ್ವಿಟ್ಟರಿನಲ್ಲಿ 'ವೆಂಕಯ್ಯ ಸಾಕಯ್ಯ' ಅಂತ ದೊಡ್ಡ ಕೂಗೆದ್ದಿತು. ಅವರು ರಾಜಸ್ಥಾನಕ್ಕೆ ಹೋದರು. ಅವರ ಜಾಗಕ್ಕೆ ಬಂದವರು ಯಾರು? ಮದುರೈಯಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ಬಹಳ ಕಾಲ ಇದ್ದ ನಿರ್ಮಲಾ ಸೀತಾರಾಮನ್! ಆಂಧ್ರದವರಿಗಾದರೂ ಏನು ಸಿಕ್ಕಿತು ಅಂತೀರಿ? ವಿಶೇಷ ಸ್ಥಾನಮಾನ ಬರಲೇ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಜೇಟ್ಲಿ 'ವಿಶೇಷ ಪ್ಯಾಕೇಜ್' ಪ್ರಕಟಿಸಿದರು. ಹತ್ತು ವರ್ಷ ಬೇಕು ಅಂದಿದ್ದ ವೆಂಕಯ್ಯನವರು ಆಗ ಕೇಂದ್ರ ಮಂತ್ರಿ, ಪ್ಯಾಕೇಜನ್ನೇ ಸಮರ್ಥಿಸಿಕೊಂಡರು. ಎದುರು ಮನೆಯವರು ಆ ವಿಷಯ ಮತ್ತೆ ಎತ್ತಲಿಲ್ಲ, ನಾನೂ ಕೆಣಕಲಿಲ್ಲ.

ಹಾಗಂತ ಪರಊರಿನವರೆಲ್ಲ ಕನ್ನಡಕ್ಕೆ ಕೇಡು ಅಂತ ಹೇಳಿಬಿಟ್ಟರೆ ಇತಿಹಾಸ ಒಪ್ಪುವುದಿಲ್ಲ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಸಮಾಜವಾದಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊಟ್ಟಮೊದಲು ಕನ್ನಡದಲ್ಲಿ ಮಾತಾಡಿದಾಗ ಅದಕ್ಕೆ ಅವಕಾಶ ಕೊಟ್ಟ ಸ್ಪೀಕರ್ ಯಾರು? ನೀಲಂ ಸಂಜೀವ ರೆಡ್ಡಿ. ಹೈದರಾಬಾದ್ ರಾಜಧಾನಿಯಾದ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ, ಅನಂತಪುರ ಜಿಲ್ಲೆಯವರು, ಆ ಸಲ ಗೆದ್ದಿದ್ದು ನಮ್ಮ ಗಡಿಗೆ ಅಂಟಿದ ಹಿಂದೂಪುರದಿಂದ. 2018ರ ಜುಲೈನಿಂದ ರಾಜ್ಯಸಭೆಯಲ್ಲಿ 22 ಭಾಷೆಗಳಲ್ಲೂ ಮಾತಾಡುವ ಅನುಕೂಲ ಮಾಡಿದ ಸಭಾಪತಿಯೂ ಇದೇ ವೆಂಕಯ್ಯನವರು. 2019ರಲ್ಲಿ ಜಿ.ಸಿ. ಚಂದ್ರಶೇಖರ್ ಗ್ರಾಮೀಣ ಬ್ಯಾಂಕ್ ಪರೀಕ್ಷೆ ಕನ್ನಡದಲ್ಲಿ ಬೇಕು ಎಂದು ರಾಜ್ಯಸಭೆಯಲ್ಲಿ ಎತ್ತಿದರು. ಜುಲೈ 4ರಂದು ಅದನ್ನು 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುತ್ತೇವೆ ಎಂದು ಪ್ರಕಟಿಸಿದ್ದು ಹಣಕಾಸು ಮಂತ್ರಿ, ಅದೇ ನಿರ್ಮಲಾ. ಕರ್ನಾಟಕದ ಒಬ್ಬ ಸದಸ್ಯ ಕೇಳಿದ್ದು, ಕರ್ನಾಟಕದ ಇನ್ನೊಬ್ಬ ಸದಸ್ಯೆ ಕೊಟ್ಟದ್ದು. ಕೇಳುವವರು ಒಬ್ಬರು ಇದ್ದರು, ಅದಕ್ಕೇ ಆಯಿತು ಅಂತ ನನ್ನ ಲೆಕ್ಕ.

ಇರಲಿ. ತೆಲಂಗಾಣ ಹುಟ್ಟಿದ ವರ್ಷವೇ, ಆಗಸ್ಟ್ 19ರಂದು, ಒಂದೇ ದಿನದಲ್ಲಿ ಇಡೀ ರಾಜ್ಯದ ಮನೆಮನೆ ಸಮೀಕ್ಷೆ ನಡೆಯಿತು. 1956ಕ್ಕೆ ಮುಂಚಿನಿಂದ ಇದ್ದವರೇ ಸ್ಥಳೀಯರು ಅಂತ ಮಾತು ಓಡಾಡುತ್ತಿದ್ದ ಕಾಲ, ಸೆಟ್ಲರ್ಸ್ ಮನೆಗಳಲ್ಲಿ ಪುಕಪುಕ. ನಮ್ಮ ಮಹಡಿಗೆ ಬಂದ ಟೀಚರಮ್ಮ ಎದುರು ಮನೆ ಮುಗಿಸಿ ನಮ್ಮ ಬಾಗಿಲಿಗೆ ಬಂದು, ಯಾವ ಊರು ಸಾರ್ ನಿಮ್ಮದು ಅಂದರು. ಹುಮನಾಬಾದ್, ಬೀದರ್ ಜಿಲ್ಲೆ ಅಂದೆ. ಹಾಗಾದರೆ ಕರ್ನಾಟಕದವರು ಅಂದರು. "ಅಮ್ಮಾ, 1956ರ ಅಕ್ಟೋಬರ್ 31ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮ ಜಿಲ್ಲೆಯ ಜಹೀರಾಬಾದ್ ನಿಮ್ಮಲ್ಲೇ ಉಳಿಯಿತು, ಹುಮನಾಬಾದ್ ಆ ಕಡೆ ಹೋಯಿತು. ನಮ್ಮಪ್ಪ ಹುಟ್ಟಿದ್ದು ನಿಜಾಮನ ರಾಜ್ಯದಲ್ಲಿ" ಅಂತ ಶುರುಮಾಡಿದೆ. ಆಕೆ ಪೆನ್ನು ಹಿಡಿದು ನನ್ನನ್ನೇ ನೋಡಿ, "ಸಾರ್, ಇನ್ನೂ ಹದಿನಾಲ್ಕು ಮನೆ ಇದೆ" ಅಂದರು. ಎದುರು ಬಾಗಿಲಲ್ಲಿ ನಿಂತಿದ್ದ ಗುಂಟೂರಿನವರು ಅವತ್ತು ಮೊದಲ ಸಲ ಜೋರಾಗಿ ನಕ್ಕಿದ್ದನ್ನು ನಾನು ನೋಡಿದ್ದು.