ಖಾತೆಯಿಂದ ಹಣ ಕಳವಾದರೆ ‘ಮೂರು ದಿನದಲ್ಲಿ ದೂರು ಕೊಡಿ, ಪೂರ್ತಿ ವಾಪಸ್’: ಈ ಸಂದೇಶ ಎಷ್ಟು ನಿಜ?

“ನಿಮ್ಮ ಖಾತೆಯಿಂದ ಯಾರಾದರೂ ಹಣ ತೆಗೆದರೆ ಮೂರು ದಿನದೊಳಗೆ ದೂರು ಕೊಡಿ. ಬ್ಯಾಂಕ್ ಪೂರ್ತಿ ಹಣ ಕೊಡಲೇಬೇಕು. ಎಲ್ಲರಿಗೂ ಕಳುಹಿಸಿ.” ಇಂಥ ಅರ್ಥದ ಸಂದೇಶ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇನ್ನೊಂದು ಕಡೆ, “ಹೋದ ಹಣ ಹೋಯ್ತು, ಬ್ಯಾಂಕಿನವರು ಒಂದು ರೂಪಾಯಿಯೂ ಕೊಡಲ್ಲ” ಎಂದು ಕೈಚೆಲ್ಲುವವರೂ ಇದ್ದಾರೆ. ಎರಡನ್ನೂ ನಿಯಮದೊಂದಿಗೆ ಹೋಲಿಸಿ ನೋಡಿದೆವು. ಮೊದಲನೆಯದು ಅರ್ಧ ಸತ್ಯ. ಎರಡನೆಯದು ತಪ್ಪು.

ನಿಯಮ ಏನು ಹೇಳುತ್ತದೆ?

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ವಾಣಿಜ್ಯ ಬ್ಯಾಂಕ್‌ಗಳಿಗೆ ಮತ್ತು ಗ್ರಾಮೀಣ ಬ್ಯಾಂಕ್‌ಗಳಿಗೆ ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕರ ಒಪ್ಪಿಗೆ ಇಲ್ಲದೆ ನಡೆದ ಎಲೆಕ್ಟ್ರಾನಿಕ್ ವಹಿವಾಟಿನ ನಷ್ಟವನ್ನು ಯಾರು ಹೊರಬೇಕು ಎಂಬುದು ಅದರ ವಿಷಯ. ಅದೇ ವರ್ಷ ಡಿಸೆಂಬರ್‌ನಲ್ಲಿ ಸಹಕಾರಿ ಬ್ಯಾಂಕ್‌ಗಳಿಗೂ ಇಂಥದ್ದೇ ನಿಯಮ ಬಂತು. ಅದರ ತಿರುಳು ಹೀಗಿದೆ:

• ತಪ್ಪು ಬ್ಯಾಂಕಿನದಾದರೆ: ನಷ್ಟ ಪೂರ್ತಿ ಬ್ಯಾಂಕಿನದೇ. ನೀವು ದೂರು ಕೊಟ್ಟಿರಲಿ, ಬಿಡಲಿ.

• ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಬೇರೆಲ್ಲೋ ಸೋರಿಕೆಯಾಗಿದೆ ಎಂದಾದರೆ: ಬ್ಯಾಂಕಿನ ಸಂದೇಶ ಬಂದ ಮೇಲೆ 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ. 4ರಿಂದ 7 ದಿನಗಳೊಳಗೆ ತಿಳಿಸಿದರೆ ಪ್ರತಿ ವಹಿವಾಟಿಗೆ ಒಂದು ಮಿತಿಯವರೆಗೆ ನಷ್ಟ ನಿಮ್ಮದು. ಮೂಲ ಉಳಿತಾಯ ಖಾತೆಗೆ, ಅಂದರೆ ಜನಧನದಂಥ ಖಾತೆಗೆ ಈ ಮಿತಿ ₹5,000. ಸಾಮಾನ್ಯ ಉಳಿತಾಯ ಖಾತೆಗೆ ₹10,000. 7 ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ ತೀರ್ಮಾನ.

• ಒಟಿಪಿ, ಪಿನ್ ಹೇಳಿಕೊಟ್ಟಂಥ ನಿರ್ಲಕ್ಷ್ಯ ನಿಮ್ಮದಾದರೆ: ದೂರು ಕೊಡುವವರೆಗಿನ ನಷ್ಟ ನಿಮ್ಮದೇ. ದೂರು ಕೊಟ್ಟ ನಂತರವೂ ಹಣ ಹೋದರೆ ಆ ನಷ್ಟ ಬ್ಯಾಂಕಿನದು.

ಸುತ್ತುತ್ತಿರುವ ಸಂದೇಶ ಮುಚ್ಚಿಡುವುದು ಈ ಕೊನೆಯ ಅಂಶವನ್ನು. ನೀವೇ ಒಟಿಪಿ ಹೇಳಿದ್ದರೆ ಮೂರು ದಿನದ ಮಾತು ಪೂರ್ತಿ ಹಣ ತಂದುಕೊಡುವುದಿಲ್ಲ. ಆದರೂ ದೂರು ಕೊಡಲೇಬೇಕು, ಮುಂದಿನ ನಷ್ಟವನ್ನು ತಡೆಯುವುದು ಅದೇ.

ದಿನ ಲೆಕ್ಕ ಹಾಕುವುದು ಹೇಗೆ?

ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ. ನಿಮ್ಮ ಖಾತೆ ಇರುವ ಶಾಖೆಯ ಕೆಲಸದ ದಿನಗಳನ್ನು ಮಾತ್ರ ಎಣಿಸಬೇಕು. ನಾಪೋಕ್ಲುವಿನ ಒಬ್ಬರಿಗೆ ಗುರುವಾರ ರಾತ್ರಿ ಸಂದೇಶ ಬಂತು ಎಂದುಕೊಳ್ಳಿ. ಶುಕ್ರವಾರ ಮೊದಲ ದಿನ. ಮರುದಿನ ಎರಡನೇ ಶನಿವಾರವಾದರೆ ರಜೆ, ಭಾನುವಾರವೂ ರಜೆ. ಸೋಮವಾರ ಎರಡನೇ ದಿನ, ಮಂಗಳವಾರ ಮೂರನೇ ದಿನ. ಹುತ್ತರಿಗೋ ಕೈಲ್‌ಪೊಳ್ದ್‌ಗೋ ನಿಮ್ಮ ಶಾಖೆ ಮುಚ್ಚಿದ್ದರೆ ಆ ದಿನವೂ ಲೆಕ್ಕಕ್ಕಿಲ್ಲ.

ಹಾಗೆಂದು ಶಾಖೆ ತೆರೆಯುವವರೆಗೆ ಕಾಯಬೇಡಿ. ದೂರು ಸ್ವೀಕರಿಸಲು ಬ್ಯಾಂಕ್ 24 ಗಂಟೆಯೂ ಫೋನ್, ಎಸ್ಎಂಎಸ್, ಇಮೇಲ್‌ನಂಥ ದಾರಿ ಇಟ್ಟಿರಬೇಕು ಎಂದು ಅದೇ ಸುತ್ತೋಲೆ ಹೇಳುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ, ಟವರ್ ಸತ್ತು, ಎರಡು ದಿನ ಮೊಬೈಲ್ ಸುಮ್ಮನಿರುವುದು ಕೊಡಗಿನಲ್ಲಿ ಹೊಸದಲ್ಲ. ಸಿಗ್ನಲ್ ಬಂದ ಕೂಡಲೇ ಬ್ಯಾಂಕಿನ ಸಂದೇಶಗಳನ್ನು ಮೊದಲು ನೋಡುವುದು ಒಳ್ಳೆಯ ಅಭ್ಯಾಸ.

ಒಟಿಪಿಯೇ ಬರಲಿಲ್ಲ, ಹಣ ಹೋಗಿದ್ದು ಹೇಗೆ?

ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯಬಹುದು, ಒಟಿಪಿ ಬೇಕಿಲ್ಲ. ಬ್ಯಾಂಕ್ ದೂರವಿರುವ ಊರುಗಳಲ್ಲಿ ಪಿಂಚಣಿ, ಕೂಲಿ ಹಣ ಪಡೆಯಲು ಇದು ದೊಡ್ಡ ಅನುಕೂಲ. ಆದರೆ 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹೀಗೆ ಹಣ ಹೋದ ದೂರುಗಳು ಬಂದವು. ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿದ್ದು ಬೆಳಕಿಗೆ ಬಂತು. ತೋಟ, ಗದ್ದೆ, ಸೈಟು ನೋಂದಾಯಿಸಿದ ಯಾರಿಗಾದರೂ ಇದು ಗೊತ್ತಿರಬೇಕು.

ಈ ಬಗೆಯಲ್ಲಿ ಒಂದು ಸಲಕ್ಕೆ ₹10,000ದವರೆಗೆ ಹಣ ತೆಗೆಯಬಹುದು. ಕಳ್ಳರು ಬೇರೆ ಬೇರೆ ಸಲ ತೆಗೆಯುತ್ತಾರೆ. ಮೇಲಿನ ಮಿತಿ ‘ಪ್ರತಿ ವಹಿವಾಟಿಗೆ’ ಎಂಬುದು ಇಲ್ಲಿ ಮುಖ್ಯ. ಸಾಮಾನ್ಯ ಉಳಿತಾಯ ಖಾತೆಯಿಂದ ಮೂರು ಸಲ ₹10,000 ಹೋಗಿ, ನೀವು ಐದನೇ ದಿನ ತಿಳಿಸಿದರೆ, ಪೂರ್ತಿ ₹30,000 ನಿಮ್ಮ ತಲೆಗೇ ಬೀಳಬಹುದು. ಎರಡನೇ ದಿನ ತಿಳಿಸಿದ್ದರೆ ಅಷ್ಟೂ ಬ್ಯಾಂಕಿನ ಹೊಣೆ.

ಇದನ್ನು ತಡೆಯಲು ಎಂಆಧಾರ್ ಆ್ಯಪ್‌ನಲ್ಲಿ ಅಥವಾ ಆಧಾರ್ ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ. ಬೆರಳು ಒತ್ತಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬಹುದು.

ಹಣ ಹೋದ ಕೂಡಲೇ ಏನು ಮಾಡಬೇಕು?

1. ಮೊದಲು ಬ್ಯಾಂಕಿಗೆ ಕರೆ ಮಾಡಿ. ಸಂಖ್ಯೆಯನ್ನು ಎಟಿಎಂ ಕಾರ್ಡಿನ ಹಿಂಬದಿ ಅಥವಾ ಪಾಸ್‌ಬುಕ್‌ನಲ್ಲಿ ನೋಡಿ. ಗೂಗಲ್‌ನಲ್ಲಿ ಹುಡುಕಿದರೆ ನಕಲಿ ಕಸ್ಟಮರ್ ಕೇರ್‌ನವರ ಕೈಗೆ ಸಿಕ್ಕಿಬೀಳಬಹುದು. ಖಾತೆ, ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

2. ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಕಳ್ಳರ ಖಾತೆಯಲ್ಲಿ ಇನ್ನೂ ಇದ್ದರೆ ಅದನ್ನು ತಡೆಹಿಡಿಯಲು ಈ ಸಹಾಯವಾಣಿ ಇದೆ. ಆದರೆ 1930ಕ್ಕೆ ಹೇಳಿದರೆ ಬ್ಯಾಂಕಿಗೆ ಹೇಳಿದಂತೆ ಎಂದು ತಿಳಿಯಬೇಡಿ. ಮೂರು ದಿನದ ಲೆಕ್ಕ ಬ್ಯಾಂಕಿಗೆ ತಿಳಿಸುವುದಕ್ಕೆ ಸಂಬಂಧಿಸಿದ್ದು.

3. ಶಾಖೆಗೆ ಹೋಗಿ ಬರಹದಲ್ಲಿ ದೂರು ಕೊಡಿ. “ಈ ವಹಿವಾಟು ನಾನು ಮಾಡಿದ್ದಲ್ಲ, ಒಟಿಪಿ ಯಾರಿಗೂ ಕೊಟ್ಟಿಲ್ಲ” ಎಂಬುದು ನಿಜವಾದರೆ ಹಾಗೆಯೇ ಬರೆಯಿರಿ. ದಿನಾಂಕ, ಸಮಯ, ಮೊತ್ತ ಇರಲಿ. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ.

4. ಮಡಿಕೇರಿಯ ಸಿಇಎನ್ ಠಾಣೆ ಅಥವಾ ಹತ್ತಿರದ ಪೊಲೀಸ್ ಠಾಣೆಗೂ ದೂರು ಕೊಡಿ. ಎಫ್ಐಆರ್ ಆಗಲಿ, ಆಮೇಲೆ ಬ್ಯಾಂಕಿಗೆ ಹೋಗೋಣ ಎಂದು ದಿನ ಕಳೆಯಬೇಡಿ.

ಹಣ ಯಾವಾಗ ಬರುತ್ತದೆ?

ನೀವು ತಿಳಿಸಿದ 10 ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು. ತನಿಖೆ ಮುಗಿಯುವ ತನಕ ಅದನ್ನು ತೆಗೆಯಲು ಬಿಡದಿರಬಹುದು. 90 ದಿನಗಳೊಳಗೆ ದೂರು ಇತ್ಯರ್ಥವಾಗಬೇಕು. ತಪ್ಪು ಗ್ರಾಹಕರದ್ದು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು, ನಿಮ್ಮದಲ್ಲ.

“ಒಟಿಪಿ ಬಳಕೆಯಾಗಿದೆ, ಹಾಗಾಗಿ ತಪ್ಪು ನಿಮ್ಮದೇ” ಎಂದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ. ಅಸ್ಸಾಂನ ಗ್ರಾಹಕರೊಬ್ಬರು ₹94,204 ಕಳೆದುಕೊಂಡು 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದರು. ಅವರ ನಿರ್ಲಕ್ಷ್ಯ ಸಾಬೀತಾಗಿಲ್ಲ ಎಂದು ಗುವಾಹಟಿ ಹೈಕೋರ್ಟ್ ಹಣ ಕೊಡಲು ಹೇಳಿತು. ಸ್ಟೇಟ್ ಬ್ಯಾಂಕ್ ಸಲ್ಲಿಸಿದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ವಜಾ ಮಾಡಿತು. ಆ ಗ್ರಾಹಕರನ್ನು ಕಾಪಾಡಿದ್ದರಲ್ಲಿ ಬೇಗ ತಿಳಿಸಿದ್ದೂ ಒಂದು.

ಬ್ಯಾಂಕ್ 30 ದಿನ ಉತ್ತರಿಸದಿದ್ದರೆ ಅಥವಾ ಉತ್ತರ ಸರಿಯಿಲ್ಲದಿದ್ದರೆ, ವಾಣಿಜ್ಯ ಮತ್ತು ಗ್ರಾಮೀಣ ಬ್ಯಾಂಕ್ ಗ್ರಾಹಕರು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮಾಹಿತಿಗೆ 14448. ನಿಯಮಗಳು ಆಗಾಗ ತಿದ್ದುಪಡಿ ಆಗುತ್ತವೆ, ಆದ್ದರಿಂದ ನಿಮ್ಮ ಬ್ಯಾಂಕಿನ ಇಂದಿನ ಪರಿಹಾರ ನೀತಿಯನ್ನೂ ಕೇಳಿ ತಿಳಿಯಿರಿ.

ಹಾಗಾದರೆ ಏನನ್ನು ಫಾರ್ವರ್ಡ್ ಮಾಡೋಣ?

ಹಳೆಯ ಸಂದೇಶದ ಬದಲು ಇದನ್ನು ಕಳುಹಿಸಿ: “ಖಾತೆಯಿಂದ ನಿಮಗೆ ಗೊತ್ತಿಲ್ಲದೆ ಹಣ ಹೋದರೆ ಕೂಡಲೇ ಬ್ಯಾಂಕಿಗೆ, ನಂತರ 1930ಕ್ಕೆ ತಿಳಿಸಿ. ಒಟಿಪಿ, ಪಿನ್ ಕೊಟ್ಟಿರದಿದ್ದರೆ, 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವರಿಗೆ ಪೂರ್ತಿ ಹಣ ಕೇಳುವ ಹಕ್ಕಿದೆ. ದೂರಿನ ಸಂಖ್ಯೆ ಪಡೆಯಲು ಮರೆಯಬೇಡಿ.”